ಗಾಳಿ ದಿನ ಬೀಗ ಹಾಕದ ಮನೆ

ಮೊದಲು ಒಂದು ಮಾತು. ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈ ವಾಯ್ಸ್ ನೋಟನ್ನು ಇಲ್ಲಿಗೇ ನಿಲ್ಲಿಸಿ, ಹೋಗಿ ನಿಮ್ಮ ಕೆಲಸ ನೋಡಿಕೊಳ್ಳಿ. ಹೋದ ಸಲ ಕತೆ ಹೇಳಿದಾಗ ‘ಅಜ್ಜನಿಗೆ ಅರಳುಮರಳು’ ಅಂತ ಗ್ರೂಪಿನಲ್ಲಿ ಬರೆದವರು ಯಾರು ಅಂತ ನನಗೆ ಗೊತ್ತು. ಕನ್ನಡಕ ಎಲ್ಲಿಟ್ಟೆ ಅಂತ ಮರೆಯುತ್ತೇನೆ, ನಿಜ. ಕನ್ನಡಕ ಮರೆಯುವುದು ಬೇರೆ, ಮನುಷ್ಯರನ್ನು ಮರೆಯುವುದು ಬೇರೆ. ಆ ಬೀದಿಯಲ್ಲಿ ಯಾರದು ಹಂಚಿನ ಮನೆ, ಯಾರದು ಶೀಟು, ಯಾರದು ತಾರಸಿ, ಈಗಲೂ ಕಣ್ಣುಮುಚ್ಚಿ ಹೇಳುತ್ತೇನೆ. ಸುಮ್ಮನೆ ಕೇಳಿ. ಮಧ್ಯೆ ಬಾಯಿ ಹಾಕಬೇಡಿ.

ಎಲ್ಲಾ ಶುರುವಾಗಿದ್ದು ಒಂದು ನಗುವಿನಿಂದ.

ಬೆಳಗಿನ ಹೊತ್ತು. ಬೀದಿಯ ಬೇಕರಿ ಮುಂದೆ ಎಂದಿನ ಗುಂಪು ಚಹಾ ಕುಡಿಯುತ್ತ ನಿಂತಿತ್ತು. ಒಳಗೆ ಟೀವಿ. ಸಮುದ್ರದಲ್ಲಿ ಎದ್ದಿರುವ ಚಂಡಮಾರುತ ಬೇರೆ ಎಲ್ಲೋ ಹೋಗುತ್ತದೆ ಅಂತ ಹಿಂದಿನ ದಿನದವರೆಗೂ ಹೇಳುತ್ತಿದ್ದವರು ಈಗ ಮಾತು ಬದಲಿಸಿದ್ದರು. ಅದು ತಿರುಗಿದೆ, ಇವತ್ತು ಮಧ್ಯಾಹ್ನ ಇದೇ ದಂಡೆಯನ್ನು ಹಾಯುತ್ತದೆ, ಹಂಚು-ಶೀಟಿನ ಮನೆಯವರು ಹತ್ತಿರದ ಶಾಲೆಗೆ ಹೋಗಿಬಿಡಬೇಕು. ಎಲ್ಲರ ಲೋಟವೂ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಬೇಕರಿಯವನ ಮುಖ ಅವನ ಹಿಟ್ಟಿನ ಬಣ್ಣಕ್ಕೇ ತಿರುಗಿತು.

ಆಗ ಒಬ್ಬ ನಕ್ಕ.

ನಕ್ಕವನು ಬೀಗ ರಿಪೇರಿಯವನು. ಒಂಟಿ ಮನುಷ್ಯ. ಮದುವೆಯ ವಯಸ್ಸು ಅವನ ಬಾಗಿಲಿಗೂ ಬಂದಿತ್ತು; ಸ್ವಲ್ಪ ಹೊತ್ತು ನಿಂತು, ಒಳಗೆ ಬಾ ಅನ್ನುವವರು ಯಾರೂ ಕಾಣದೆ ಹೊರಟುಹೋಗಿತ್ತು. ಬೀದಿಗೆಲ್ಲ ಅವನು ಬೀಗದಣ್ಣ. ಬೆನ್ನ ಹಿಂದೆ ಮಾತ್ರ ಗಾಳಿ ಮೇಷ್ಟ್ರು. ಯಾಕೆ ಅಂತ ಹೇಳುತ್ತೇನೆ, ತಡೆಯಿರಿ.

“ಏನ್ರೀ ಇದು!” ರಿಟೈರಾದ ಹೆಡ್ ಕ್ಲರ್ಕು ಗುಡುಗಿದರು. ಅವರಿಗೆ ಗೊತ್ತಿಲ್ಲದ ವಿಷಯ ಇರಲಿಲ್ಲ. ಗೊತ್ತಿದ್ದ ವಿಷಯ ಸರಿಯಾಗಿರುತ್ತಿರಲಿಲ್ಲ, ಅಷ್ಟೆ. “ಬೀದಿ ಹಾರಿಹೋಗುತ್ತೆ ಅಂತಿದ್ರೆ ಈ ಮನುಷ್ಯ ಮದುವೆ ಊಟಕ್ಕೆ ಕರೆದಂಗೆ ನಗ್ತಿದಾನಲ್ರೀ!”

“ಇಲ್ಲ ಸರ್, ನಗ್ಲಿಲ್ಲ,” ಅಂದ ಬೀಗದಣ್ಣ, ಇನ್ನೂ ನಗುತ್ತಲೇ. “ಬನ್ನು ಗಂಟಲಿಗೆ ಸಿಕ್ಕಾಕ್ಕೊಂಡಿತ್ತು.”

“ನಮ್ಮ ಬನ್ನು ಯಾವತ್ತೂ ಗಂಟಲಿಗೆ ಸಿಕ್ಕಿಲ್ಲ,” ಅಂತ ಬೇಕರಿಯವನಿಗೆ ರೋಷ ಬಂತು.

ಮೇಲಿಂದ ಒಂದು ಧ್ವನಿ ಇಳಿಯಿತು. ಔಷಧಿ ಅಂಗಡಿಯವರ ಹೆಂಡತಿ. ಬೀದಿಯವರು ಆಕೆಯನ್ನು ಬಾಲ್ಕನಿ ಅಕ್ಕ ಅನ್ನುತ್ತಿದ್ದರು. ಆಕೆಯ ಕಣ್ಣು ತಪ್ಪಿಸಿ ಆ ಬೀದಿಯಲ್ಲಿ ಬೆಕ್ಕು ಕೂಡ ದಾಟುತ್ತಿರಲಿಲ್ಲ. “ನಗ್ಲಿ ಬಿಡಿ! ನಗೋರಿಗೆ ಧೈರ್ಯ ಇದೆ ಅಂತಾಯ್ತು. ಬೀದಿಯಲ್ಲಿ ಒಬ್ರಿಗಾದ್ರೂ ಇದೆಯಲ್ಲ. ಬೀಗದಣ್ಣಾ, ಬನ್ನಿ, ನಮ್ಮ ತಾರಸಿ ಮೇಲಿನ ಟ್ಯಾಂಕು ಕಟ್ಟಿಕೊಡಿ!”

ಅಷ್ಟೇ. ಒಂದು ನಗುವಿಗೆ ಇಡೀ ಬೀದಿಯ ಕೆಲಸ ಅವನ ಹೆಗಲಿಗೆ ಬಂತು.

ಈಗ ನಗುವಿನ ಕಾರಣ. ಕೆಲವು ವರ್ಷದ ಹಿಂದೆ ಆ ಬೀದಿಗೆ ಇಂಥದ್ದೇ ಒಂದು ಚಂಡಮಾರುತ ಬಂದಿತ್ತು. ಯಾರಿಗೂ ತಲೆಬುಡ ಗೊತ್ತಿರಲಿಲ್ಲ. ಎಲ್ಲರೂ ದಿಕ್ಕೆಟ್ಟು ಶಾಲೆಗೆ ಓಡಿದರು. ತಾರಸಿ ಮನೆಯವನಾದ ಬೀಗದಣ್ಣನೂ ಓಡಿದ. ಮೂರನೇ ಕ್ಲಾಸಿನ ಕರಿಹಲಗೆಯ ಕೆಳಗೆ ಅವನಿಗೆ ಜಾಗ ಸಿಕ್ಕಿತು. ಪಕ್ಕದಲ್ಲಿ ಹೊಲಿಗೆ ಟೀಚರ್.

ಹೊಲಿಗೆ ಟೀಚರ್ ಅಂದರೆ ಬೀದಿಯ ಕೊನೆಯ ಹಂಚಿನ ಮನೆಯವರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಅತ್ತೆಯನ್ನು ಇಟ್ಟುಕೊಂಡು, ಹೊಲಿಗೆ ಹೇಳಿಕೊಟ್ಟು ಸಂಸಾರ ತೂಗಿಸುತ್ತಿದ್ದರು. ಮಾತು ಕಡಿಮೆ. ಆ ದಿನ ಬೀಗದಣ್ಣ, ಹಿಂದಿನ ರಾತ್ರಿಯೆಲ್ಲ ಯಾರ್ಯಾರದ್ದೋ ಬಾಗಿಲು ಭದ್ರಮಾಡಿ ಬಂದವನು, ಕೂತಲ್ಲೇ ತೂಕಡಿಸುತ್ತಿದ್ದ. ಬೆಚ್ಚಿ ಎದ್ದು ಕೂರುತ್ತಿದ್ದ. ಟೀಚರ್ ತಮ್ಮ ಕಂಬಳಿಯ ಅರ್ಧವನ್ನು ಅವನ ಕಡೆ ಸರಿಸಿ, “ನೀವು ಮಲಗಿ. ನಾನು ಎದ್ದಿರ್ತೀನಿ,” ಅಂದರು.

ಇಷ್ಟೇ ಮಾತು. ಆದರೆ ತಾಯಿ ಹೋದ ಮೇಲೆ ಆ ಮನುಷ್ಯನಿಗೆ ‘ನೀನು ಮಲಗು, ನಾನು ಎದ್ದಿರ್ತೀನಿ’ ಅಂದವರು ಯಾರೂ ಇರಲಿಲ್ಲ. ಅವನು ಮಲಗಿದ. ಹೊರಗೆ ತೆಂಗಿನಮರಗಳು ಮುರಿದು ಬೀಳುತ್ತಿದ್ದರೆ ಇವನು ತೊಟ್ಟಿಲ ಮಗುವಿನ ಹಾಗೆ ಗೊರಕೆ ಹೊಡೆದ.

ಆಮೇಲೆ ಬಿಸಿಲು ಬಂತು. ಬಿಸಿಲು ಬಂದ ಮೇಲೆ ಬೀದಿ ಮತ್ತೆ ಬೀದಿಯಾಯಿತು. ಟೀಚರ್ ಮೆಷಿನ್ನಿನ ತಿರುಪು ಸಡಿಲವಾಯಿತು ಅಂತ ಅವನ ಅಂಗಡಿಗೆ ಬಂದರೆ ಬಾಲ್ಕನಿಯಲ್ಲಿ ಕುರ್ಚಿ ಎಳೆದ ಸದ್ದಾಗುತ್ತಿತ್ತು. ಇಬ್ಬರೂ ತಿರುಪಿನ ಮೇಲೆ ಕಣ್ಣು ನೆಟ್ಟು, ತಿರುಪಿನ ಮಾತಷ್ಟೇ ಆಡಿ ಮುಗಿಸುತ್ತಿದ್ದರು. ಒಂದು ವಿಷಯ ಮಾತ್ರ ಅವನು ಗಮನಿಸಿದ್ದ. ಬೀದಿಯ ಚಿಕ್ಕವರು ದೊಡ್ಡವರು ಎಲ್ಲರೂ ಅವನನ್ನು ಬೀಗದಣ್ಣ ಅಂದರೂ, ಆಕೆ ಒಂದು ದಿನವೂ ಅಣ್ಣ ಅನ್ನಲಿಲ್ಲ. “ಇವ್ರೇ” ಅನ್ನುತ್ತಿದ್ದರು. ಆ ‘ಇವ್ರೇ’ಯನ್ನು ಅವನು ಮನೆಗೆ ಒಯ್ದು, ಊಟಕ್ಕೆ ಕೂತಾಗ ಇನ್ನೊಮ್ಮೆ ಕೇಳಿಸಿಕೊಳ್ಳುತ್ತಿದ್ದ.

ಹೀಗೆ ಆ ಮನುಷ್ಯ ಚಂಡಮಾರುತಕ್ಕೆ ಕಾಯತೊಡಗಿದ. ಯಾರ ಪಕ್ಕದಲ್ಲಿ ಯಾರು ಕೂತರು ಅಂತ ಯಾರೂ ಕೇಳದ ಜಾಗ ಲೋಕದಲ್ಲಿ ಅದೊಂದೇ ಅಂತ ಅವನಿಗೆ ಅನ್ನಿಸಿಬಿಟ್ಟಿತ್ತು. ಆದರೆ ಜನ ಸಾಯುವಂಥದ್ದನ್ನು ಬಯಸುವುದು ಪಾಪ ಅಂತ ಹೆದರಿಕೆಯೂ ಆಯಿತು. ಆ ಪಾಪ ತೊಳೆಯಲು ಅವನು ಒಂದು ದಾರಿ ಹುಡುಕಿದ. ಗಾಳಿ ಬಂದರೂ ಯಾರಿಗೂ ಏನೂ ಆಗದಂತೆ ನೋಡಿಕೊಂಡರೆ ಆಯಿತಲ್ಲ! ಅಲ್ಲಿಂದ ಶುರುವಾಯಿತು ಗಾಳಿಪಾಠ. ಪ್ರತಿ ವರ್ಷ ಗಾಳಿಯ ಕಾಲಕ್ಕೆ ಮೊದಲು ಅಂಗಡಿಯ ಜಗಲಿಯ ಮೇಲೆ ಬೀದಿಯವರನ್ನು ಕೂರಿಸಿ ಹೇಳುತ್ತಿದ್ದ. ಮನೆಗೆ ತಾಗಿದ ಕೊಂಬೆ ಕಡಿಸಿ. ಕುಡಿಯುವ ನೀರು ತುಂಬಿಡಿ. ಕಾಗದಪತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಒಣಹಾಕಿದ ಬಟ್ಟೆಯಿಂದ ಹಿಡಿದು ಕುಂಡದವರೆಗೆ ಹಾರುವಂಥದ್ದೆಲ್ಲ ಒಳಗಿಡಿ. ಗಾಳಿ ನಡುವೆ ಪಟ್ಟನೆ ನಿಂತರೆ ಮೋಸಹೋಗಬೇಡಿ, ಅದು ಚಂಡಮಾರುತದ ಕಣ್ಣು. ಬೀಸುವ ಕಲ್ಲಿನ ನಡುವಿನ ಗೂಟದ ಹಾಗೆ, ಸುತ್ತ ತಿರುಗುತ್ತಿದ್ದರೂ ನಡುವೆ ಮಾತ್ರ ಶಾಂತ. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಮತ್ತೆ ಬರುತ್ತದೆ. ಕೊನೆಗೆ ಒಂದು ಮಾತು: “ತಾರಸಿ ಮನೆಯೋರು ಶಾಲೆಗೆ ಹೋಗಿ ಜಾಗ ತುಂಬಬೇಡಿ, ಅದು ಹಂಚು-ಶೀಟಿನೋರಿಗೆ. ಶಾಲೆ ದೂರ ಅನ್ನೋರು ನಮ್ಮನೆಗೆ ಬನ್ನಿ. ಗಾಳಿ ದಿನ ನನ್ನ ಬಾಗಿಲಿಗೆ ಬೀಗ ಇರಲ್ಲ.”

“ಬೀಗದೋನ ಮನೆಗೇ ಬೀಗ ಇಲ್ವಂತೆ!” ಅಂತ ಬೇಕರಿಯವನು ಪ್ರತಿ ವರ್ಷವೂ ಹೊಸದಾಗಿ ನಗುತ್ತಿದ್ದ. ಉಳಿದವರು ಬಿಸ್ಕತ್ತು ಮುಗಿದ ಕೂಡಲೆ ಎದ್ದುಬಿಡುತ್ತಿದ್ದರು. ಟೀಚರ್ ಹಿಂದಿನ ಸಾಲಿನಲ್ಲಿ ಕೂತು, ತಲೆ ಎತ್ತದೆ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿರುತ್ತಿದ್ದರು. ಪಾಪ, ನೆರಳಿಗೆ ಬಂದು ಕೂತಿದ್ದಾರೆ, ನನ್ನ ಪಾಠ ಎಲ್ಲಿ ಕೇಳುತ್ತಾರೆ ಅಂತ ಅವನು ಅಂದುಕೊಂಡಿದ್ದ.

ವರ್ಷಗಳು ಹೋದವು. ಎದ್ದ ಗಾಳಿಯೆಲ್ಲ ಬೇರೆ ಬೇರೆ ಊರಿಗೆ ಹೋಯಿತು. ಕೊನೆಗೆ ಇವತ್ತು ಇಲ್ಲಿಗೆ ಬರುತ್ತಿದೆ. ನಗದೆ ಏನು ಮಾಡುತ್ತಾನೆ ಹೇಳಿ!

ಲೋಟ ಇಟ್ಟವನೇ ಅವನು ಟೀಚರ್ ಮನೆಗೆ ಓಡುವವನಿದ್ದ. ಬಾಲ್ಕನಿ ಅಕ್ಕ ಬಿಡಬೇಕಲ್ಲ. ಟ್ಯಾಂಕಿಗೆ ಹಗ್ಗ ಬಿಗಿದು ಮುಗಿಸುವಾಗ ಗಾಳಿ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ತಂತಿಯ ಮೇಲೆ ಆಕೆಯ ದೊಡ್ಡ ಹೂವಿನ ನೈಟಿ ಪಟಪಟ ಅನ್ನುತ್ತಿತ್ತು.

“ಅಕ್ಕಾ, ಅದನ್ನ ಒಳಗೆ ತಗೊಳ್ಳಿ.”

“ಇನ್ನೂ ಒದ್ದೆ ಇದೆಯಲ್ಲಾ. ಇಷ್ಟು ಒಳ್ಳೆ ಗಾಳಿ ಬೀಸ್ತಿದೆ, ಒಣಗಲಿ ಬಿಡಿ!”

ಅವನು ಹಣೆ ಚಚ್ಚಿಕೊಂಡು ಇಳಿದ. ಕೆಳಗೆ ಹೆಡ್ ಕ್ಲರ್ಕು ಕೈ ಹಿಡಿದರು. ಅವರ ಮನೆಯ ಕಿಟಕಿ ಗಾಜುಗಳ ಮೇಲೆಲ್ಲ ಟೇಪು ಗುಣಾಕಾರದ ಗುರುತಿನ ಹಾಗೆ ಅಂಟಿತ್ತು.

“ಹೇಗಿದೆ ನನ್ನ ವ್ಯವಸ್ಥೆ?”

“ಟೇಪಿಂದ ಗಾಜು ಗಟ್ಟಿಯಾಗಲ್ಲ ಸರ್. ಒಡೆದ್ರೆ ಸಣ್ಣ ಚೂರಿನ ಬದಲು ದೊಡ್ಡ ಚೂರು ಬರುತ್ತೆ. ಹಲಗೆ ಹೊಡೀಬೇಕು.”

“ಹಾಗಾದ್ರೆ ಹಿಂದಿನ ಕಿಟಕಿ ತೆಗೆದಿಡ್ತೀನಿ. ಮುಂದಿಂದ ಬಂದ ಗಾಳಿ ಹಿಂದಿಂದ ಹೋಗ್ಲಿ, ಏನಂತೀರಿ?”

“ಅಯ್ಯೋ ಬೇಡ ಸರ್! ಗಾಳಿ ಒಳಗೆ ಬಂತು ಅಂದ್ರೆ ಹೋಗೋವಾಗ ನಿಮ್ಮ ಶೀಟನ್ನೂ ಹೆಗಲ ಮೇಲೆ ಹಾಕ್ಕೊಂಡು ಹೋಗುತ್ತೆ. ಎಲ್ಲಾ ಮುಚ್ಚಿ, ನೀವು ಶಾಲೆಗೆ ಹೋಗಿ.”

“ಮತ್ತೆ ಹಲಗೆ ಯಾರು ಹೊಡೀತಾರೆ?”

ಅವನೇ ಹೊಡೆದ. ಅಲ್ಲಿಂದ ಬೇಕರಿಯವನು ತನ್ನ ಬೋರ್ಡು ಇಳಿಸಲು ಕರೆದ. ಬೋರ್ಡು ಇಳಿಸಿದ ಮೇಲೆ ಒಲೆಯ ಚಿಮಣಿ. ಚಿಮಣಿ ಕಟ್ಟಿದ ಮೇಲೆ ಅವನ ಮಾವ, ಮಾವನ ಕೋಳಿಗಳು. ಆ ಮನುಷ್ಯನ ಮನಸ್ಸು ಬೀದಿಯ ಕೊನೆಯಲ್ಲಿತ್ತು, ಮೈ ಮಾತ್ರ ಕೋಳಿಗಳ ಹಿಂದೆ ಓಡುತ್ತಿತ್ತು. ಯಾರಾದರೂ ‘ಇನ್ನೇನೂ ಇಲ್ಲ, ಹೋಗಿ’ ಅಂದಾರು ಅಂತ ಪ್ರತಿ ಮನೆಯ ಮುಂದೆಯೂ ಒಂದು ಕಾಲು ಹೊರಗಿಟ್ಟೇ ನಿಂತಿದ್ದ. ಆ ಬೀದಿಯಲ್ಲಿ ‘ಇನ್ನೊಂದೇ ಒಂದು’ ಅನ್ನುವವರೇ ಎಲ್ಲಾ.

ಅಂತೂ ಬಿಡಿಸಿಕೊಂಡು ಟೀಚರ್ ಮನೆ ಮುಟ್ಟಿದಾಗ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಬಾಗಿಲಿಗೆ ಬೀಗ. ಅವನೇ ಹಿಂದೊಮ್ಮೆ ಕೀಲಿ ಮಾಡಿಕೊಟ್ಟ ಬೀಗ. ಅವನು ಮನೆಯ ಸುತ್ತ ಒಂದು ಸುತ್ತು ಬಂದ. ಕಿಟಕಿಗೆ ಹಲಗೆ. ಕೊಂಬೆ ಕಡಿಸಿದೆ. ಮೀಟರಿನ ಮೇನ್ ಸ್ವಿಚ್ಚು ಕೆಳಗೆ. ಅಂಗಳದಲ್ಲಿ ಒಂದು ಬಟ್ಟೆ ಕ್ಲಿಪ್ಪೂ ಇಲ್ಲ. ಹಲಗೆಯ ಸಂದಿಯಿಂದ ಇಣುಕಿದರೆ ಹೊಲಿಗೆ ಮೆಷಿನ್ನು ಪ್ಲಾಸ್ಟಿಕ್ಕು ಹೊದ್ದು ಗಟ್ಟಿ ಮೇಜಿನ ಅಡಿಯಲ್ಲಿ, ಇಟ್ಟಿಗೆಗಳ ಮೇಲೆ ಕೂತಿದೆ.

ಅವನ ಕಣ್ಣು ತುಂಬಿತು. ಇಷ್ಟು ವರ್ಷ ಜಗಲಿಯ ಮೇಲೆ ಗಂಟಲು ಹರಿದುಕೊಂಡಿದ್ದರಲ್ಲಿ ಒಂದು ಮಾತೂ ಕೆಳಗೆ ಬಿದ್ದಿಲ್ಲ! ಎಲ್ಲಾ ಎತ್ತಿಟ್ಟುಕೊಂಡಿದ್ದಾರೆ! ಹಾಗಾದರೆ ಶಾಲೆಗೂ ಬೇಗ ಹೋಗಿರುತ್ತಾರೆ. ಮೂರನೇ ಕ್ಲಾಸು. ಕರಿಹಲಗೆಯ ಕೆಳಗೆ. ಅರ್ಧ ಕಂಬಳಿ ಬಿಚ್ಚಿಟ್ಟುಕೊಂಡು.

ಓಡಿದ. ಗಾಳಿ ಎದುರಿಗೆ ತಳ್ಳಿದರೆ ಇವನು ಅದನ್ನೇ ತಳ್ಳಿಕೊಂಡು ಓಡಿದ. ತನ್ನ ಮನೆಯ ಮುಂದೆಯೇ ಹಾದರೂ ಆ ಕಡೆ ತಿರುಗಿ ನೋಡಲಿಲ್ಲ.

ಶಾಲೆಯ ಬಾಗಿಲಲ್ಲೇ ಹೆಡ್ ಕ್ಲರ್ಕು ಸಿಕ್ಕಿದರು.

“ಓಹೋ! ನೀವ್ಯಾಕ್ರೀ ಇಲ್ಲಿ? ನಿಮ್ಮದು ತಾರಸಿ ಮನೆ ಅಲ್ವಾ? ತಾರಸಿಯೋರು ಬರಬಾರದು ಅಂತ ಪಾಠ ಮಾಡಿದೋರು ಯಾರು?”

“ಅದು... ಗೋಡೆ ಬಿರುಕು ಬಿಟ್ಟಿದೆ ಸರ್.”

“ಯಾವ ಗೋಡೆ?”

“ಒಳಗಿನ ಗೋಡೆ.”

“ಒಳಗಿನ ಗೋಡೆ ಬಿರುಕು ಬಿಟ್ರೆ ತಾರಸಿಗೇನ್ರೀ?”

ಬೀಗದಣ್ಣ ಅವರ ಪಕ್ಕದಿಂದ ಒಳಗೆ ನುಸುಳಿದ. ಮೂರನೇ ಕ್ಲಾಸಿಗೆ ಹೋದ. ಕರಿಹಲಗೆಯ ಕೆಳಗೆ ಬೇಕರಿಯವನ ಮಾವ ಕೋಳಿಬುಟ್ಟಿ ಅಪ್ಪಿಕೊಂಡು ಕೂತಿದ್ದ.

ಒಂದನೇ ಕ್ಲಾಸು, ಎರಡನೇ ಕ್ಲಾಸು, ಆಟದ ಸಾಮಾನಿನ ಕೋಣೆ, ಎಲ್ಲಾ ನೋಡಿದ. ಮುಸುಕು ಹೊದ್ದು ಮಲಗಿದ್ದ ಯಾರದೋ ಅಜ್ಜಿಯ ಮುಸುಕು ಎತ್ತಿ ಬೈಸಿಕೊಂಡ. ಟೀಚರ್ ಇಲ್ಲ. ಟೀಚರ್ ಅತ್ತೆಯೂ ಇಲ್ಲ.

“ಯಾರನ್ನ ಹುಡುಕ್ತಿದೀರಿ ಬೀಗದಣ್ಣ?” ಅಂದಳು ಬಾಲ್ಕನಿ ಅಕ್ಕ. ಆಕೆಯದೂ ತಾರಸಿ ಮನೆಯೇ. ಆದರೆ ಬೀದಿಯೆಲ್ಲ ಒಂದೇ ಕಡೆ ಸೇರಿರುವಾಗ ಆಕೆ ಮನೆಯಲ್ಲಿ ಕೂರುವುದುಂಟೇ!

“ಯಾರನ್ನೂ ಇಲ್ಲ. ಲೆಕ್ಕ ಹಾಕ್ತಿದೀನಿ. ಎಲ್ಲಾ ಬಂದ್ರಾ ಅಂತ.”

“ಹೊಲಿಗೆ ಟೀಚರ್ ಬಂದಿಲ್ಲ,” ಅಂದಳು ಆಕೆ, ಅವನ ಮುಖವನ್ನೇ ನೋಡುತ್ತ. ಆ ಮುಖದಲ್ಲಿ ಏನು ಕಂಡಿತೋ, ಮತ್ತೊಂದು ಮಾತು ಹೇಳಲಿಲ್ಲ. ಆಕೆಯ ಜನ್ಮದಲ್ಲಿ ಬಾಯಿಗೆ ಬಂದ ಮಾತು ನುಂಗಿದ್ದು ಅದೊಂದೇ ಸಲ ಇರಬೇಕು.

ಗಾಳಿ ಬಂತು. ಬಂತು ಅಂದರೆ ಸಾಲದು. ಶಾಲೆಯ ಮುಂಬಾಗಿಲಿಗೆ ಡಿಕ್ಕಿ ಹೊಡೆಯಿತು. ಬೆಂಚುಗಳನ್ನೆಲ್ಲ ಬಾಗಿಲಿಗೆ ಒತ್ತಿಟ್ಟು ಗಂಡಸರೆಲ್ಲ ಬೆನ್ನು ಕೊಟ್ಟು ಕೂತರು. ಬೀಗದಣ್ಣ ಎಲ್ಲರಿಗಿಂತ ಮುಂದೆ. ಹೊರಗೆ ಹಂಚು ಹಾರಿ ಒಡೆದ ಸದ್ದು ಕೇಳಿದಾಗಲೆಲ್ಲ ಅವನು ಬಾಗಿಲ ಸಂದಿಗೆ ಕಣ್ಣಿಡುತ್ತಿದ್ದ. ಇದು ಯಾರ ಹಂಚು? ಅವರು ಎಲ್ಲಿದ್ದಾರೆ? ದಾರಿಯಲ್ಲಿ ಸಿಕ್ಕಿಬಿದ್ದರೇ? ಮುದುಕಿಯನ್ನು ಕೈಹಿಡಿದು ನಡೆಸಿಕೊಂಡು ಎಷ್ಟು ದೂರ ಹೋದಾರು? ಈ ಗಾಳಿಗೆ ಕಾದೆನಲ್ಲ ನಾನು, ಬಾ ಬಾ ಅಂತ ಕರೆದೆನಲ್ಲ! ಎಲ್ಲರ ಟ್ಯಾಂಕು ಕಟ್ಟಿದೆ, ಬೋರ್ಡು ಇಳಿಸಿದೆ, ಕೋಳಿ ಹಿಡಿದೆ; ಒಬ್ಬರ ಮನೆಗೆ ಮೊದಲು ಹೋಗಬೇಕಿತ್ತು, ಕೊನೆಗೆ ಹೋದೆ.

ಹಾಗೆ ಬೀಸುತ್ತ ಬೀಸುತ್ತ, ಗಾಳಿ ಪಟ್ಟನೆ ನಿಂತಿತು.

ಎಷ್ಟು ನಿಶ್ಶಬ್ದ ಅಂದರೆ ಕೋಳಿ ನುಂಗಿದ ಗುಟುಕೂ ಕೇಳುತ್ತಿತ್ತು. ಕಿಟಕಿಯ ಸಂದಿಯಿಂದ ಬಿಸಿಲು ಬಿತ್ತು. ಮೇಲೆ ಬಾವಿಯ ಬಾಯಿಯ ಹಾಗೆ ನೀಲಿ ಆಕಾಶ. ಎಲ್ಲಿಂದಲೋ ತೇಲಿಬಂದ ಕಡಲ ಹಕ್ಕಿಗಳು ಅಂಗಳದಲ್ಲಿ ಇಳಿದು, ದಾರಿ ತಪ್ಪಿದ ನೆಂಟರ ಹಾಗೆ ಅತ್ತಿತ್ತ ನೋಡುತ್ತಿದ್ದವು.

“ಮುಗೀತು!” ಅಂತ ಬೇಕರಿಯವನು ಕೂಗಿದ. “ನಡೀರಿ, ಒಲೆ ಹಚ್ಚೋಣ!”

ಜನ ಎದ್ದರು. ಬೀಗದಣ್ಣ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದ. “ಯಾರೂ ಕದಲಬೇಡಿ! ಮುಗೀಲಿಲ್ಲ, ಇದು ಕಣ್ಣು! ಇನ್ನರ್ಧ ಬಾಕಿ ಇದೆ. ಈ ಸಲ ಹಿಂದಿನಿಂದ ಬರುತ್ತೆ. ಹೊರಗೆ ಕಾಲಿಟ್ರೆ ಸತ್ತಿರಿ! ಬೆಂಚು ತೆಗೀಬೇಡಿ, ಅರ್ಧ ಬೆಂಚು ಹಿಂದಿನ ಬಾಗಿಲಿಗೆ ಹಾಕಿ!”

ಅವನು ಯಾವತ್ತೂ ಹಾಗೆ ಕೂಗಿದವನಲ್ಲ. ಜನ ಹೆದರಿ ಕೂತರು. ಬೆಂಚುಗಳು ಹಿಂದಕ್ಕೆ ಹೋದವು. ಎಲ್ಲರೂ ಬೆಂಚು ಹೊರುತ್ತಿದ್ದಾಗ ಗಾಳಿ ಮೇಷ್ಟ್ರು ಸದ್ದಿಲ್ಲದೆ ಶೌಚದ ಕೋಣೆಗೆ ಹೋಗಿ, ಅಲ್ಲಿದ್ದ ಹಿಂದಿನ ಸಣ್ಣ ಕಿಟಕಿಯಿಂದ ಹೊರಕ್ಕೆ ತಲೆ ತೂರಿಸಿದರು.

ಹೌದು ಸ್ವಾಮಿ! ‘ಕಾಲಿಟ್ರೆ ಸತ್ತಿರಿ’ ಅಂದವನೇ! ಟೀಚರ್ ಎಲ್ಲೋ ಇದ್ದಾರೆ, ಕಣ್ಣು ದಾಟುವುದರೊಳಗೆ ಹುಡುಕಿಬಿಡುತ್ತೇನೆ ಅಂತ ಅವನ ಲೆಕ್ಕ. ತಲೆ ಹೋಯಿತು, ಹೆಗಲು ಹೋಯಿತು. ಸೊಂಟ ಹೋಗಲಿಲ್ಲ. ಜೀವಮಾನವೆಲ್ಲ ಬೇರೆಯವರ ಬೀಗದಲ್ಲಿ ಸಿಕ್ಕಿಕೊಂಡ ಕೀಲಿ ತೆಗೆದವನು ಈಗ ತಾನೇ ತೆರೆಯದ ಬೀಗದಲ್ಲಿ ಸಿಕ್ಕಿದ ಕೀಲಿಯಾದ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ.

ಆಗ ಬಿಸಿಲು ಹೋಯಿತು. ದೂರದಿಂದ ಲಾರಿಯ ಸಾಲು ಬಂದ ಹಾಗೆ ಸದ್ದು. ಅವನ ಪಾಠದಲ್ಲಿ ಹೇಳಿದ್ದು ಹೇಳಿದಂತೆ, ಹಿಂದಿನ ದಿಕ್ಕಿನಿಂದ, ನೇರ ಅವನ ಮುಖಕ್ಕೇ ಗಾಳಿ ಬಂತು. ಮೊದಲು ಎಲೆ. ಆಮೇಲೆ ಮರಳು. ಆಮೇಲೆ ಬಾಲ್ಕನಿ ಅಕ್ಕನ ದೊಡ್ಡ ಹೂವಿನ ನೈಟಿ. ಅದು ಬಂದು ಅವನ ತಲೆಗೆ ಸುತ್ತಿಕೊಂಡಿತು. ಅಷ್ಟರಲ್ಲಿ ಪೂರ್ತಿ ಒಣಗಿತ್ತಂತೆ.

ಅವನ ಕೂಗು ಕೇಳಿ ಒಳಗಿನವರು ಓಡಿಬಂದರು. ಅವರಿಗೆ ಕಂಡದ್ದು ಗೋಡೆಯಿಂದ ಹೊರಬಂದ ಎರಡು ಕಾಲು ಮಾತ್ರ.

“ಇವು ಯಾರ ಕಾಲು?”

“ಚಪ್ಪಲಿ ಬೀಗದಣ್ಣಂದು.”

“ಕಣ್ಣು ಹೇಗಿದೆ ಅಂತ ನೋಡಕ್ಕೆ ಹೋದ್ರೇನೋ,” ಅಂದರು ಹೆಡ್ ಕ್ಲರ್ಕು. “ಎಳೀರಿ, ಎಳೀರಿ!”

ಒಂದು ಕಾಲನ್ನು ಬೇಕರಿಯವನು, ಇನ್ನೊಂದನ್ನು ಅವನ ಮಾವ ಹಿಡಿದರು. ಔಷಧಿ ಅಂಗಡಿಯವರು ಸೊಂಟಕ್ಕೆ ಎಣ್ಣೆ ಹಚ್ಚಿದರು. ಪಟಕ್ ಅನ್ನುವ ಸದ್ದಿನೊಂದಿಗೆ, ಅಂಗಿಯ ಗುಂಡಿಗಳನ್ನೆಲ್ಲ ಕಿಟಕಿಗೆ ಬಿಟ್ಟು, ನೈಟಿಯ ಸಮೇತ ಬೀಗದಣ್ಣ ಒಳಗೆ ಬಂದು ಬಿದ್ದ.

“ಅಯ್ಯೋ ನನ್ನ ನೈಟಿ!” ಅಂದಳು ಬಾಲ್ಕನಿ ಅಕ್ಕ. “ನೋಡಿದ್ರಾ, ಇದನ್ನ ತರೋಕೆ ಹೋಗಿದ್ರು ಪಾಪ. ಇಂಥ ಮನುಷ್ಯ ಎಲ್ಲಿ ಸಿಗ್ತಾರೆ!”

ಅವನು ಇಲ್ಲ ಅನ್ನಲಿಲ್ಲ. ನಿಜ ಹೇಳುವುದಕ್ಕಿಂತ ನೈಟಿಯೇ ವಾಸಿ.

ಸಂಜೆಯ ಹೊತ್ತಿಗೆ ಗಾಳಿ ದಣಿದು ಹೋಯಿತು. ಬೀದಿಯಲ್ಲಿ ಒಬ್ಬರಿಗೂ ಗಾಯವಿಲ್ಲ. ಟ್ಯಾಂಕು ಕಟ್ಟಿದಲ್ಲೇ ಇತ್ತು. ಹೆಡ್ ಕ್ಲರ್ಕರ ಹಲಗೆ ಹೊಡೆದ ಕಿಟಕಿ ಉಳಿದಿತ್ತು. ಅವರು ಗುಟ್ಟಾಗಿ ತೆರೆದಿಟ್ಟಿದ್ದ ಹಿಂದಿನ ಕಿಟಕಿಯ ಮೇಲಿನ ಶೀಟು ಮಾತ್ರ ಕಾಣಲಿಲ್ಲ. ಜನ ಅವನ ಬೆನ್ನು ತಟ್ಟಲು ಬಂದರೆ ಅವನು ಅಲ್ಲಿರಲಿಲ್ಲ. ಮುರಿದ ಮರ, ಹರಿದ ತಂತಿ ತಪ್ಪಿಸಿಕೊಂಡು ಬೀದಿಯ ಕೊನೆಗೆ ಹೋಗಿದ್ದ.

ಟೀಚರ್ ಮನೆಗೆ ಮಾಡು ಇರಲಿಲ್ಲ. ಗೋಡೆ ನಾಲ್ಕೂ ನಿಂತಿವೆ, ಮೇಲೆ ಆಕಾಶ. ಬಿದ್ದ ಹಂಚಿನ ರಾಶಿಯ ನಡುವೆ ಆ ಮೇಜು, ಅದರ ಅಡಿಯಲ್ಲಿ ಮೆಷಿನ್ನು ಒಂದು ಗೀರೂ ಇಲ್ಲದೆ ಕೂತಿತ್ತು. ಮನುಷ್ಯರು ಇರಲಿಲ್ಲ. ಅವನು ಕೂಗೋಣ ಅಂತ ಬಾಯಿ ತೆರೆದ. ಏನಂತ ಕೂಗುವುದು? ಇಷ್ಟು ವರ್ಷದಲ್ಲಿ ಆಕೆಯನ್ನು ಒಮ್ಮೆಯೂ ಕರೆದಿರಲಿಲ್ಲ. ಟಾರ್ಚು, ಹಗ್ಗ ತರೋಣ, ಕತ್ತಲಾಗುವ ಮೊದಲು ಹುಡುಕೋಣ ಅಂತ ಕಾಲೆಳೆಯುತ್ತ ತನ್ನ ಮನೆಗೆ ಬಂದ.

ಬೀಗ ಹಾಕದೆ ಬಿಟ್ಟುಹೋಗಿದ್ದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.

ತಟ್ಟಿದ.

“ಯಾರದು?” ಮುದುಕಿಯ ಧ್ವನಿ.

“ನಾನು.”

“ನಾನು ಅಂದ್ರೆ ಯಾರು? ಗಾಳಿ ಪೂರ್ತಿ ಹೋಗೋ ತನಕ ಬಾಗಿಲು ತೆಗೀಬಾರ್ದು ಅಂತ ಈ ಮನೆಯೋರು ಹೇಳಿದಾರೆ.”

“ಅಮ್ಮಾ, ಈ ಮನೆಯೋನು ನಾನೇ!”

“ಹಾಗಂತ ಎಲ್ರೂ ಹೇಳಬಹುದು.”

ಒಳಗೆ ದಡದಡ ಹೆಜ್ಜೆ. ಚಿಲಕ ಸರಿಯಿತು. ಬಾಗಿಲಲ್ಲಿ ಟೀಚರ್.

ಇಬ್ಬರೂ ನಿಂತರು. ಆಕೆಯ ಹಿಂದೆ ಅವನ ಒಂದೇ ಕುರ್ಚಿಯಲ್ಲಿ ಅತ್ತೆ. ನೆಲ ಗುಡಿಸಿ ಹಾಸಿದ ಕಂಬಳಿ. ಅದರ ಅರ್ಧ ಖಾಲಿ, ಒಂದು ಸುಕ್ಕೂ ಇಲ್ಲ.

“ಎಲ್ಲಿಗೆ ಹೋಗಿದ್ರಿ?” ಅಂದರು ಟೀಚರ್. “ತಾರಸಿ ಮನೆಯೋರು ಮನೇಲೇ ಇರ್ಬೇಕು ಅಂತ ನೀವೇ ಹೇಳಿದ್ದಲ್ವಾ? ನೀವು ಇಲ್ಲೇ ಇರ್ತೀರಿ ಅಂತ ಬೆಳಿಗ್ಗೇನೇ ಬಂದ್ವಿ.”

“ನಾನು... ಶಾಲೆಗೆ. ನೀವು ಅಲ್ಲಿರ್ತೀರಿ ಅಂತ.” ಇಷ್ಟು ಹೇಳಿದ್ದೇ ಅವನ ಜೀವಮಾನದ ಸಾಧನೆ.

“ಇವಳಂತೂ,” ಅಂತ ಅತ್ತೆ ಕುರ್ಚಿಯಿಂದಲೇ ಶುರುಮಾಡಿದರು, “ಒಂದು ಸದ್ದಾದ್ರೆ ಬಾಗಿಲಿಗೆ ಓಡೋಳು. ನಡುವೆ ಗಾಳಿ ನಿಂತಾಗ ಶಾಲೆಗೆ ಹೋಗಿ ನೋಡ್ಕೊಂಡು ಬರ್ತೀನಿ ಅಂತ ಚಪ್ಪಲಿ ಮೆಟ್ಟಿದ್ಲು. ಆಮೇಲೆ ‘ಬೇಡ ಅತ್ತೆ, ಕಣ್ಣಲ್ಲಿ ಹೊರಗೆ ಹೋಗಬಾರದು ಅಂತ ಹೇಳಿದಾರೆ’ ಅಂತ ಕೂತ್ಬಿಟ್ಲು. ಅದಿರ್ಲಿ, ನಿಮ್ಮನೇಲಿ ಸಕ್ಕರೆ ಎಲ್ಲಿಟ್ಟಿದೀರಿ? ಹುಡುಕೀ ಹುಡುಕೀ ಸಾಕಾಯ್ತು.”

ಟೀಚರ್ ತಲೆ ತಗ್ಗಿಸಿದರು. ಬೀಗದಣ್ಣ ಗುಂಡಿಯಿಲ್ಲದ ಅಂಗಿಯನ್ನು ಕೈಯಿಂದ ಹಿಡಿದುಕೊಂಡು, ಇನ್ನೊಂದು ಮಾತು ಹೇಳಲು ಬಾಯಿ ತೆರೆದ. ಏನು ಹೇಳುತ್ತಿದ್ದನೋ! ಅಷ್ಟರಲ್ಲಿ ಹಿಂದಿನಿಂದ ಬಾಲ್ಕನಿ ಅಕ್ಕ ಬಂದಳು, ಅವಳ ಹಿಂದೆ ಅರ್ಧ ಬೀದಿ.

“ಅಯ್ಯೋ ಟೀಚರ್, ಇಲ್ಲಿದೀರಾ! ಮಾಡೇ ಹೋಯ್ತಲ್ರೀ! ಒಬ್ಬ ಗಂಡಸಿನ ಮನೇಲಿ ಹೇಗಿರ್ತೀರಿ? ನಡೀರಿ ನಮ್ಮನೆಗೆ, ಮಾಡು ಹಾಕಿಸೋ ತನಕ ಅಲ್ಲೇ ಇರಿ. ಅಜ್ಜೀ, ಏಳಿ ಏಳಿ!”

ಕಂಬಳಿ ಮಡಚಿದ್ದಾಯಿತು. ಅಜ್ಜಿ ಎದ್ದದ್ದಾಯಿತು. ಹೊಸ್ತಿಲು ದಾಟುವಾಗ ಟೀಚರ್ ಒಂದು ಕ್ಷಣ ನಿಂತರು.

“ಇವ್ರೇ,” ಅಂದರು ಮೆಲ್ಲಗೆ, “ಮುಂದಿನ ಸಲ ನಾನು ತಪ್ಪು ಮಾಡಲ್ಲ.”

“ನಾನೂ ಅಷ್ಟೇ,” ಅಂದ ಅವನು.

ಮುಂದಿನ ಗಾಳಿಗೆ ಮೊದಲು ಎಷ್ಟೊಂದು ದಿನ ಇತ್ತಲ್ಲ, ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಬಿಸಿಲಿನಲ್ಲಿ ಹೇಳುವ ಧೈರ್ಯ ಇದ್ದಿದ್ದರೆ ಆ ಮನುಷ್ಯ ಗಾಳಿಗೆ ಯಾಕೆ ಕಾಯುತ್ತಿದ್ದ? ಟೀಚರ್ ಮನೆಗೆ ಮಾಡು ಬಂತು, ಹಳೆಯ ಹಂಚೇ. ಗಾಳಿಪಾಠವೂ ನಡೆಯಿತು. ಆಕೆ ಹಿಂದಿನ ಸಾಲಿನಲ್ಲಿ ಕೂತು ಅವನ ಅಂಗಿಗೆ ಗುಂಡಿ ಹಾಕಿಕೊಟ್ಟರು. ಬಾಲ್ಕನಿಯಲ್ಲಿ ಕುರ್ಚಿಯ ಸದ್ದಾಯಿತು. ಇಬ್ಬರೂ ಗುಂಡಿಯ ಮಾತಾಡಿ ಸುಮ್ಮನಾದರು.

ಮರುವರ್ಷವೇ ಇನ್ನೊಂದು ಚಂಡಮಾರುತ ಬಂತು. ಈ ಸಲ ಬೀದಿಯೇ ತನ್ನ ಕೆಲಸ ತಾನು ಮಾಡಿಕೊಂಡಿತು; ಬಾಲ್ಕನಿ ಅಕ್ಕ ಕೂಡ ಬಟ್ಟೆ ಒಳಗೆ ತೆಗೆದಳು. ಬೀಗದಣ್ಣ ಬೆಳಿಗ್ಗೆಯೇ ಮನೆ ಸೇರಿದ. ಬಾಗಿಲು ತೆರೆದಿಟ್ಟ. ಹೊಸ ಕುರ್ಚಿ ಹಾಕಿದ. ಎರಡು ಲೋಟ ತೊಳೆದಿಟ್ಟ. ಸಕ್ಕರೆ ಡಬ್ಬಿಯನ್ನು ಮೇಜಿನ ನಡುವೆ, ಕುರುಡರಿಗೂ ಕಾಣುವ ಹಾಗೆ ಇಟ್ಟು, ಹೊಸ್ತಿಲ ಕಡೆ ಮುಖ ಮಾಡಿ ಕೂತ.

ಅದೇ ಹೊತ್ತಿಗೆ ಟೀಚರ್ ಅತ್ತೆಯ ಕೈಹಿಡಿದು ಶಾಲೆಗೆ ಹೋಗಿದ್ದರು. ಎಲ್ಲರಿಗಿಂತ ಮೊದಲು. ಮೂರನೇ ಕ್ಲಾಸಿನ ಕರಿಹಲಗೆಯ ಕೆಳಗೆ ಕಂಬಳಿ ಹಾಸಿ, ಅರ್ಧ ಖಾಲಿ ಬಿಟ್ಟು, ಬಾಗಿಲ ಕಡೆ ನೋಡುತ್ತ ಕೂತರು. ಗಾಳಿ ಏರಿದ ಮೇಲೆ ಆ ಖಾಲಿ ಅರ್ಧದಲ್ಲಿ ಹೆಡ್ ಕ್ಲರ್ಕು ಬಂದು ಕೂತು, ಚಂಡಮಾರುತ ಹೇಗೆ ಹುಟ್ಟುತ್ತದೆ ಅಂತ ತಪ್ಪು ತಪ್ಪಾಗಿ ವಿವರಿಸಿದರು. ಬೀಗದಣ್ಣನ ತೆರೆದ ಬಾಗಿಲಿಗೂ ಜನ ಬಂದರು: ಬೇಕರಿಯವನು, ಅವನ ಮಾವ, ಕೋಳಿಗಳು. ಸಕ್ಕರೆ ಕೂಡಲೆ ಸಿಕ್ಕಿತು ಅಂತ ಬೇಕರಿಯವನು ಬಹಳ ಹೊಗಳಿದ.

ಈಗ ನನ್ನ ಕೋರಿಕೆ. ಮತ್ತೆ ಗಾಳಿಯ ಕಾಲ ಬರುತ್ತಿದೆ. ಈ ವಾಯ್ಸ್ ನೋಟನ್ನು ನಿಮಗೆ ಗೊತ್ತಿರುವವರಿಗೆಲ್ಲ ಕಳಿಸಿ, ಅವರು ಅವರಿಗೆ ಗೊತ್ತಿರುವವರಿಗೆ ಕಳಿಸಲಿ. ಯಾವ ಬೀದಿ ಅಂತ ನಾನು ಹೇಳುವುದಿಲ್ಲ. ಹೇಗೋ ಒಂದು ದಿನ ತಲುಪುತ್ತದೆ. ಆದರೆ ದಯವಿಟ್ಟು ನೆನಪಿಡಿ, ನನ್ನ ನೆನಪಿನ ಬಗ್ಗೆ ಆಡಿಕೊಳ್ಳುವವರು ಇದೊಂದನ್ನಾದರೂ ನೆನಪಿಡಿ. ಟೀಚರಿಗೆ ತಲುಪಿಸಿ, ಇಲ್ಲ ಬೀಗದಣ್ಣನಿಗೆ ತಲುಪಿಸಿ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ. ಇಬ್ಬರಿಗೂ ಕಳಿಸಿದಿರೋ, ಈ ಸಲ ಆಕೆ ಅವನ ಮನೆಗೆ ಹೋಗುತ್ತಾರೆ, ಅವನು ಶಾಲೆಗೆ ಓಡುತ್ತಾನೆ.